ಉಳಿಯುವ ಹೋರಾಟ: ಚಿಬಾ ನಗರದ ಹನ್ನೊಂದು ನಿಮಿಷಗಳು

ಜಪಾನಿನ ಫುಟ್‌ಬಾಲ್ ಅಭಿಮಾನಿಗಳ ಬಾಯಲ್ಲಿ ಋತುವಿನ ಕೊನೆಯ ತಿಂಗಳುಗಳಲ್ಲಿ ಒಂದು ಮಾತು ದಿನವೂ ಕೇಳಿಬರುತ್ತದೆ: ‘ಝನ್‌ರ್ಯೂ ಅರಾಸೊಯಿ’. ನಮ್ಮ ಪತ್ರಿಕೆಗಳು ಇದನ್ನು ‘ಹಿಂಬಡ್ತಿ ತಪ್ಪಿಸಿಕೊಳ್ಳುವ ಹೋರಾಟ’ ಎಂದು ಬರೆಯುತ್ತವೆ; ಪಟ್ಟಿಯ ಕೊನೆಯಲ್ಲಿ ಉಳಿದ ತಂಡ ಕೆಳಗಿನ ವಿಭಾಗಕ್ಕೆ ಇಳಿಯುವುದೇ ಹಿಂಬಡ್ತಿ. ಜಪಾನೀಯರ ಈ ಮಾತಿನಲ್ಲಿ ಹಿಂಬಡ್ತಿ ಎಂಬ ಪದವೇ ಇಲ್ಲ. ‘ಝನ್‌ರ್ಯೂ’ ಎಂದರೆ ಇದ್ದಲ್ಲೇ ಉಳಿಯುವುದು, ‘ಅರಾಸೊಯಿ’ ಎಂದರೆ ಸೆಣಸಾಟ. ಉಳಿಯುವುದಕ್ಕಾಗಿ ನಡೆಯುವ ಸೆಣಸಾಟ. ಈ ಪದವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಇದಕ್ಕೆ ಇನ್ನೊಂದು ಬಳಕೆಯೂ ಇದೆ, ಅದನ್ನು ಸ್ವಲ್ಪ ಹೊತ್ತಿನ ನಂತರ ಹೇಳುತ್ತೇನೆ. ನಾನು ಇಂದು ಹೇಳಬೇಕೆಂದಿರುವುದೆಲ್ಲ ಆ ಎರಡು ಅರ್ಥಗಳ ನಡುವೆಯೇ ಇದೆ.

ಇಂಡಿಯನ್ ಸೂಪರ್ ಲೀಗ್ ನೋಡಿ ಬೆಳೆದ ಕಿರಿಯರು ಇಲ್ಲಿ ಬಹಳ ಮಂದಿ ಇದ್ದೀರಿ. ಕೊನೆಯ ಸ್ಥಾನಕ್ಕೆ ಬಿದ್ದರೂ ಮುಂದಿನ ವರ್ಷ ಅದೇ ಲೀಗ್‌ನಲ್ಲಿ ಆಡುವುದನ್ನು ನೀವು ನೋಡಿದ್ದೀರಿ. ಆದರೆ ಬೆಂಗಳೂರಿಗೆ ಈ ನೋವು ಹೊಸದಲ್ಲ. ನಮ್ಮ ಎಚ್‌ಎಎಲ್ ತಂಡ 2012ರಲ್ಲಿ, ಆಗ ದೇಶದ ಮೇಲಿನ ಲೀಗ್ ಆಗಿದ್ದ ಐ-ಲೀಗ್‌ನಿಂದ ಕೆಳಗಿಳಿಯಿತು. ಕಾರ್ಖಾನೆಯ ಹೆಸರು ಹೊತ್ತ, ಕೆಲಸಗಾರರ ನಡುವೆ ಹುಟ್ಟಿದ ತಂಡವದು. ನಾನು ಇಂದು ಮಾತಾಡಲಿರುವ ಜಪಾನಿನ ತಂಡವೂ ಹಾಗೆ ಹುಟ್ಟಿದ್ದೇ. ಅದಕ್ಕಾಗಿಯೇ ಅದರ ಕಥೆ ನನಗೆ ದೂರದ್ದು ಎನಿಸುವುದಿಲ್ಲ.

ಅದು ಜೆಫ್ ಯುನೈಟೆಡ್ ಇಚಿಹಾರಾ ಚಿಬಾ. ಟೋಕಿಯೊದ ಪೂರ್ವಕ್ಕೆ, ಕೊಲ್ಲಿಯ ಆಚೆ ದಡದಲ್ಲಿ ಇಚಿಹಾರಾ ಮತ್ತು ಚಿಬಾ ಎಂಬ ನಗರಗಳಿವೆ. ಹೆಸರಿನಲ್ಲಿರುವ ‘ಜೆಫ್’ ಯಾವ ವ್ಯಕ್ತಿಯದೂ ಅಲ್ಲ. ಪೂರ್ವ ಜಪಾನ್ ರೈಲ್ವೆ ಕಂಪನಿ ಮತ್ತು ಫುರುಕಾವಾ ವಿದ್ಯುತ್ ಕಂಪನಿ, ಈ ಎರಡರ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ ಹೆಸರದು. ಫುರುಕಾವಾ ಕಂಪನಿಯ ನೌಕರರ ತಂಡ ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ ಹುಟ್ಟಿತು. 1965ರಲ್ಲಿ ಜಪಾನಿನ ಮೊದಲ ರಾಷ್ಟ್ರೀಯ ಲೀಗ್ ಶುರುವಾದಾಗ ಅದರಲ್ಲಿದ್ದ ಎಂಟು ತಂಡಗಳಲ್ಲಿ ಇದೂ ಒಂದು. 1986ರ ಏಷ್ಯನ್ ಕ್ಲಬ್ ಚಾಂಪಿಯನ್‌ಷಿಪ್ ಗೆದ್ದು, ಏಷ್ಯಾದ ಕಿರೀಟ ತೊಟ್ಟ ಮೊದಲ ಜಪಾನೀ ಕ್ಲಬ್ ಎನಿಸಿಕೊಂಡಿತು. 1993ರಲ್ಲಿ ವೃತ್ತಿಪರ ಜೆ-ಲೀಗ್ ಬಂದಾಗ ಅಲ್ಲಿಯೂ ಸ್ಥಾಪಕ ಸದಸ್ಯ. ಒಂದು ದಾಖಲೆಯಂತೂ ಬೇರೆ ಯಾರ ಬಳಿಯೂ ಇರಲಿಲ್ಲ. 1965ರಿಂದ ಒಮ್ಮೆಯೂ ಮೇಲಿನ ವಿಭಾಗದಿಂದ ಕೆಳಗಿಳಿಯದೆ ಬಂದಿದ್ದ ಕ್ಲಬ್ ಇದೊಂದೇ.

ಆದರೆ ಇಳಿಯುವ ಅಂಚಿಗೆ ಹೋಗಿ ಬಂದದ್ದುಂಟು. ಮುಖ್ಯ ಕಥೆಗೆ ಹೋಗುವ ಮೊದಲು 1999ರ ಒಂದು ಸಂಗತಿ ಹೇಳಿಬಿಡುತ್ತೇನೆ, ಇಲ್ಲವಾದರೆ ಈ ಹೋರಾಟ ಎಷ್ಟು ಕ್ರೂರವಾಗಬಲ್ಲದು ಎಂಬುದು ತಿಳಿಯುವುದಿಲ್ಲ.

ಆಗ ಜೆ-ಲೀಗ್‌ನಲ್ಲಿ ‘ವಿ-ಗೋಲ್’ ಎಂಬ ನಿಯಮವಿತ್ತು. ತೊಂಬತ್ತು ನಿಮಿಷಕ್ಕೆ ಪಂದ್ಯ ಸಮವಾಗಿದ್ದರೆ ಹೆಚ್ಚುವರಿ ಆಟ. ಅಲ್ಲಿ ಮೊದಲ ಗೋಲು ಹೊಡೆದವರಿಗೆ ಆ ಕ್ಷಣವೇ ಜಯ. ತೊಂಬತ್ತು ನಿಮಿಷಗಳೊಳಗೆ ಗೆದ್ದರೆ ಮೂರು ಅಂಕ, ವಿ-ಗೋಲ್‌ನಿಂದ ಗೆದ್ದರೆ ಎರಡೇ ಅಂಕ. ಕೊನೆಯ ದಿನ ಉರಾವಾ ರೆಡ್ಸ್ ತಂಡ ಉಳಿಯಲು ತೊಂಬತ್ತು ನಿಮಿಷಗಳೊಳಗೆ ಗೆಲ್ಲಲೇಬೇಕಿತ್ತು. ಗೋಲು ಬರಲಿಲ್ಲ. ತೊಂಬತ್ತು ನಿಮಿಷ ಮುಗಿದೊಡನೆ ಅವರ ಹಣೆಬರಹವೂ ಮುಗಿದಿತ್ತು. ಆದರೆ ನಿಯಮ ನಿಯಮವೇ, ಆಟ ಮುಂದುವರಿಯಬೇಕಲ್ಲ! ಹೆಚ್ಚುವರಿ ಆಟದಲ್ಲಿ ಫುಕುದಾ ಮಸಾಹಿರೊ ಗೋಲು ಹೊಡೆದರು. ಉರಾವಾ ಪಂದ್ಯ ಗೆದ್ದಿತು, ಗೆದ್ದೇ ಕೆಳಗಿಳಿಯಿತು. ಸಂತೋಷದಿಂದ ಓಡಿಬಂದು ತಬ್ಬಿಕೊಂಡ ಸಹ ಆಟಗಾರನನ್ನು ಫುಕುದಾ ಕೈಯಿಂದ ಸರಿಸಿಬಿಟ್ಟರು. ಜಪಾನಿನಲ್ಲಿ ಆ ಗೋಲನ್ನು ಇಂದಿಗೂ ‘ಜಗತ್ತಿನ ಅತ್ಯಂತ ದುಃಖದ ವಿ-ಗೋಲ್’ ಎನ್ನುತ್ತಾರೆ. ಕೊನೆಗೆ ಮೂರು ತಂಡಗಳು ತಲಾ 28 ಅಂಕಗಳಲ್ಲಿ ನಿಂತಿದ್ದವು. ಹೊಡೆದ ಗೋಲಿಗೂ ಬಿಟ್ಟುಕೊಟ್ಟ ಗೋಲಿಗೂ ಇರುವ ಅಂತರದಲ್ಲಿ ಕೇವಲ ಒಂದು ಗೋಲಿನ ಕೊರತೆಯಿಂದ ಉರಾವಾ ಕೆಳಗೆ ಹೋಯಿತು. ಉಳಿದುಕೊಂಡ ಎರಡು ತಂಡಗಳಲ್ಲಿ ಒಂದು ನಮ್ಮ ಕಥೆಯ ಜೆಫ್.

ಹೀಗೆ ಉಳಿದುಕೊಂಡ ತಂಡಕ್ಕೆ 2003ರಲ್ಲಿ ಒಬ್ಬ ಗುರು ಸಿಕ್ಕಿದರು. ಇವಿತ್ಸಾ ಓಸಿಮ್, ಸರಾಯೆವೊ ನಗರದವರು. 1990ರ ವಿಶ್ವಕಪ್‌ನಲ್ಲಿ ಯುಗೊಸ್ಲಾವಿಯವನ್ನು ಕ್ವಾರ್ಟರ್ ಫೈನಲ್‌ಗೆ ತಲುಪಿಸಿದ ಕೋಚ್. 1992ರಲ್ಲಿ ತಮ್ಮ ಊರಿನ ಮೇಲೆ ಗುಂಡಿನ ಮಳೆ ಸುರಿಯತೊಡಗಿದಾಗ ರಾಷ್ಟ್ರೀಯ ತಂಡದ ಹುದ್ದೆಯನ್ನೇ ಬಿಟ್ಟು ಹೊರಬಂದವರು. ಅಂಥ ದೊಡ್ಡ ಮನುಷ್ಯ ಜಪಾನಿನ ಒಂದು ಬಡ ಕ್ಲಬ್ಬಿಗೆ ಬಂದು ಹುಡುಗರನ್ನು ಓಡಿಸಿದರು. ಸುಮ್ಮನೆ ಓಡಿಸಲಿಲ್ಲ, ಯೋಚಿಸುತ್ತ ಓಡುವುದನ್ನು ಕಲಿಸಿದರು. ಅಭ್ಯಾಸದಲ್ಲಿ ಹಲವು ಬಣ್ಣದ ಅಂಗಿಗಳನ್ನು ಹಂಚುತ್ತಿದ್ದರು. ಯಾವ ಬಣ್ಣದವರು ಯಾರಿಗೆ ಚೆಂಡು ಕೊಡಬಹುದು ಎಂಬ ನಿಯಮವನ್ನು ಬದಲಿಸುತ್ತಲೇ ಇರುತ್ತಿದ್ದರು. ಕಾಲು ಓಡುತ್ತಿರುವಾಗ ತಲೆ ಸುಮ್ಮನಿರುವಂತಿಲ್ಲ. ಆಟಗಾರರ ಸ್ನಾಯು ಸೆಳೆತದ ಬಗ್ಗೆ ಮಾತು ಬಂದಾಗ, ಸಿಂಹ ಅಟ್ಟಿಸಿಕೊಂಡು ಬರುವಾಗ ಓಡುವ ಮೊಲಕ್ಕೆ ಸ್ನಾಯು ಸೆಳೆಯುತ್ತದೆಯೇ ಎಂದು ಕೇಳಿದ್ದು ಜಪಾನಿನಲ್ಲಿ ಗಾದೆಯಂತೆ ಉಳಿದಿದೆ. 2005ರಲ್ಲಿ ಆ ತಂಡ ಲೀಗ್ ಕಪ್ ಗೆದ್ದಿತು. ‘ಜೆಫ್’ ಎಂಬ ಹೆಸರು ಬಂದ ಮೇಲೆ ಸಿಕ್ಕ ಮೊದಲ ಪ್ರಶಸ್ತಿ ಅದು. 2006ರಲ್ಲಿ ಮತ್ತೆ ಅದೇ ಕಪ್. ಆದರೆ ಅಷ್ಟರಲ್ಲಿ ಓಸಿಮ್ ಜಪಾನ್ ರಾಷ್ಟ್ರೀಯ ತಂಡದ ಕೋಚ್ ಆಗಿ ಹೋಗಿದ್ದರು, ಮಗ ಅಮರ್ ಓಸಿಮ್ ತಂಡ ನೋಡಿಕೊಳ್ಳುತ್ತಿದ್ದರು.

ಈಗ ‘ಝನ್‌ರ್ಯೂ’ದ ಇನ್ನೊಂದು ಬಳಕೆಗೆ ಬರುತ್ತೇನೆ. ಜಪಾನಿನಲ್ಲಿ ಋತು ಮುಗಿದ ಮೇಲೆ, ಆಗೆಲ್ಲ ಡಿಸೆಂಬರ್ ಮತ್ತು ಜನವರಿಯಲ್ಲಿ, ಆಟಗಾರರ ಒಪ್ಪಂದದ ಸುದ್ದಿಗಳು ಬರುತ್ತಿದ್ದವು. ಯಾರು ಹೊರಟರು, ಯಾರು ಉಳಿದರು. ಕ್ಲಬ್ ಬಿಡದೆ ಉಳಿದ ಆಟಗಾರನ ಬಗ್ಗೆ ಬರೆಯುವಾಗಲೂ ಅದೇ ಪದ, ‘ಝನ್‌ರ್ಯೂ’. ತಂಡ ಲೀಗ್‌ನಲ್ಲಿ ಉಳಿಯುವುದಕ್ಕೂ ಆಟಗಾರ ತಂಡದಲ್ಲಿ ಉಳಿಯುವುದಕ್ಕೂ ಒಂದೇ ಮಾತು. ಇದು ಬರೀ ಭಾಷೆಯ ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ.

2007ರ ಆರಂಭದಲ್ಲಿ ನಾಯಕ ಅಬೆ ಯೂಕಿ ಉರಾವಾಕ್ಕೆ ಹೋದರು. ಆ ಋತು ಮುಗಿದ ಮೇಲಂತೂ ಒಡ್ಡು ಒಡೆದಂತಾಯಿತು. ಮಿಝುನೊ ಕೋಕಿ ಸ್ಕಾಟ್‌ಲೆಂಡಿನ ಸೆಲ್ಟಿಕ್‌ಗೆ, ಸಾತೋ ಯೂತೊ ಕ್ಯೋಟೊಗೆ, ಯಾಮಾಗಿಶಿ ಸಾತೋರು ಕವಾಸಾಕಿಗೆ, ಮಿಝುಮೊತೊ ಹಿರೋಕಿ ಗಾಂಬಾ ಒಸಾಕಾಗೆ, ಹಾನ್ಯೂ ನಾವೊತಾಕೆ ಎಫ್‌ಸಿ ಟೋಕಿಯೊಗೆ. ಓಸಿಮ್ ಕಲಿಸಿದ ಓಟ ಯಾರ ಕಾಲುಗಳಲ್ಲಿತ್ತೋ ಅವರೆಲ್ಲ ಒಂದೇ ಚಳಿಗಾಲದಲ್ಲಿ ಹೊರಟುಹೋದರು. 2006ರ ವಿಶ್ವಕಪ್ ಆಡಿದ್ದ ಮುಂಚೂಣಿ ಆಟಗಾರ ಮಾಕಿ ಸೇಯಿಚಿರೊ ಉಳಿದರು. ಆಟಗಾರರು ಹೋಗುವುದು ತಪ್ಪು ಎಂದು ನಾನು ಹೇಳುತ್ತಿಲ್ಲ; ಅವರ ವೃತ್ತಿ, ಅವರ ಬದುಕು. ಆದರೆ ಐವರು ಒಟ್ಟಿಗೆ ಬಿಟ್ಟುಹೋಗುವಂಥ ಸ್ಥಿತಿಗೆ ಕ್ಲಬ್ ಬಂದದ್ದು ಹೇಗೆ ಎಂಬ ಪ್ರಶ್ನೆ ಕೇಳಲೇಬೇಕು.

2008ರ ಋತು ಕ್ರೊಯೇಷಿಯದ ಕೋಚ್ ಯೋಸಿಪ್ ಕುಝೆ ಅವರೊಂದಿಗೆ ಶುರುವಾಯಿತು. ಮೊದಲ 11 ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. ಎರಡು ಡ್ರಾ, ಒಂಬತ್ತು ಸೋಲು. ಹನ್ನೊಂದು ಪಂದ್ಯಕ್ಕೆ ಎರಡೇ ಅಂಕ! ಮೇ ತಿಂಗಳಲ್ಲಿ ಕುಝೆ ಅವರನ್ನು ಬಿಡಿಸಿದರು. ಲಿವರ್‌ಪೂಲ್ ಕ್ಲಬ್ಬಿನ ತರಬೇತಿ ಬಳಗದಲ್ಲಿದ್ದ ಸ್ಕಾಟ್‌ಲೆಂಡಿನ ಅಲೆಕ್ಸ್ ಮಿಲ್ಲರ್ ಅವರನ್ನು ಕರೆತಂದರು.

ಇಲ್ಲಿ ಒಂದು ಲೆಕ್ಕ ನೋಡಿ. ಋತುವಿಗೆ 34 ಪಂದ್ಯ. ಜೆಫ್ ಕೊನೆಗೆ ಗಳಿಸಿದ್ದು 38 ಅಂಕ. ಮೊದಲ ಹನ್ನೊಂದರಲ್ಲಿ 2 ಬಂದವು ಎಂದರೆ, ಉಳಿದ 23 ಪಂದ್ಯಗಳಲ್ಲಿ 36 ಅಂಕ. ಹತ್ತು ಗೆಲುವು, ಆರು ಡ್ರಾ, ಏಳು ಸೋಲು. ಇಡೀ ವರ್ಷ ಈ ಓಟದಲ್ಲೇ ಆಡಿದ್ದರೆ ಅಂಕ ಐವತ್ತು ದಾಟುತ್ತಿತ್ತು, ಕೆಳಗಿನ ಸ್ಥಾನಗಳ ಕಡೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಅಂದರೆ ಈ ತಂಡ ಡಿಸೆಂಬರ್‌ನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಎಚ್ಚೆತ್ತದ್ದಲ್ಲ. ಬೇಸಿಗೆಯಿಂದಲೇ ಒಂದೊಂದೇ ಮೆಟ್ಟಿಲು ಹತ್ತುತ್ತ ಬರುತ್ತಿತ್ತು. ಇದನ್ನು ಒತ್ತಿ ಹೇಳಲು ಕಾರಣವಿದೆ, ಮುಂದೆ ಗೊತ್ತಾಗುತ್ತದೆ.

2008ರ ಡಿಸೆಂಬರ್ 6, ಶನಿವಾರ, ಕೊನೆಯ ಸುತ್ತು. ಆಗಿನ ನಿಯಮ ಹೀಗಿತ್ತು: ಹದಿನೆಂಟು ತಂಡಗಳಲ್ಲಿ 17 ಮತ್ತು 18ನೆಯವರು ನೇರವಾಗಿ ಕೆಳಗೆ. 16ನೆಯವರು ಎರಡನೆಯ ವಿಭಾಗದ ಮೂರನೆಯ ತಂಡದೊಂದಿಗೆ ಎರಡು ಪಂದ್ಯ ಆಡಿ ಗೆದ್ದರೆ ಮಾತ್ರ ಉಳಿಯಬಹುದು. ಸಪ್ಪೊರೊ ತಂಡ 18ನೆಯ ಸ್ಥಾನದಲ್ಲಿ ಆಗಲೇ ಮುಳುಗಿತ್ತು. ಅದರ ಮೇಲೆ 35 ಅಂಕಗಳ ಚಿಬಾ. ಅದರ ಮೇಲೆ ತಲಾ 37 ಅಂಕಗಳ ಜುಬಿಲೊ ಇವಾತಾ ಮತ್ತು ಟೋಕಿಯೊ ವೆರ್ದಿ. ಗೋಲುಗಳ ಅಂತರದಲ್ಲಿ ಚಿಬಾ ಇಬ್ಬರಿಗಿಂತಲೂ ಹಿಂದಿತ್ತು. ಆದ್ದರಿಂದ ನೇರವಾಗಿ ಉಳಿಯಬೇಕಾದರೆ ತಾನು ಗೆಲ್ಲಲೇಬೇಕು, ಜೊತೆಗೆ ಆ ಇಬ್ಬರೂ ಸೋಲಬೇಕು. ತನ್ನ ಕೈಯಲ್ಲಿರುವುದು ಮೂರರಲ್ಲಿ ಒಂದು ಮಾತ್ರ.

ಆ ಕ್ರೀಡಾಂಗಣದ ಬಗ್ಗೆ ಎರಡು ಮಾತು. ಹೆಸರು ಫುಕುದಾ ದೆನ್ಶಿ ಅರೀನಾ, ಜನ ಪ್ರೀತಿಯಿಂದ ಕರೆಯುವುದು ‘ಫುಕುಆರಿ’. ಸೋಗಾ ರೈಲು ನಿಲ್ದಾಣದಿಂದ ನಡೆದು ಹೋಗಬಹುದಾದ ದೂರ. ಅದು ನಿಂತಿರುವುದು ಒಂದು ಕಾಲದ ಉಕ್ಕಿನ ಕಾರ್ಖಾನೆಯ ನೆಲದ ಮೇಲೆ, 2005ರಲ್ಲಿ ತೆರೆಯಿತು. ಸುಮಾರು ಇಪ್ಪತ್ತು ಸಾವಿರ ಜನ ಹಿಡಿಯುವ, ಓಟದ ಪಥ ಇಲ್ಲದ, ಅಪ್ಪಟ ಫುಟ್‌ಬಾಲ್ ಅಂಗಳ. ಗ್ಯಾಲರಿಗೂ ಗೆರೆಗೂ ನಡುವೆ ಅಂತರ ಬಹಳ ಕಡಿಮೆ. ಆಟಗಾರನ ಉಸಿರು ಮುಂದಿನ ಸಾಲಿಗೆ ಕೇಳುತ್ತದೆ, ಮುಂದಿನ ಸಾಲಿನ ಕೂಗು ಆಟಗಾರನ ಎದೆಗೆ ಬಡಿಯುತ್ತದೆ.

ಎದುರಾಳಿ ಎಫ್‌ಸಿ ಟೋಕಿಯೊ. ಹೌದು, ಹಾನ್ಯೂ ಹೋಗಿ ಸೇರಿದ ಅದೇ ಕ್ಲಬ್. ಅವರು ಕಾಲಹರಣಕ್ಕೆ ಬಂದವರಲ್ಲ. ಏಷ್ಯನ್ ಚಾಂಪಿಯನ್ಸ್ ಲೀಗ್‌ನ ಸ್ಥಾನದ ಮೇಲೆ ಅವರ ಕಣ್ಣಿತ್ತು. 39ನೆಯ ನಿಮಿಷದಲ್ಲಿ ಬ್ರೆಜಿಲಿನ ಕಾಬೊರೆ ಗೋಲು ಹೊಡೆದರು. 53ನೆಯ ನಿಮಿಷದಲ್ಲಿ ನಾಗಾತೊಮೊ ಯೂತೊ, ಮುಂದೆ ಇಟಲಿಯ ಇಂಟರ್ ಮಿಲಾನ್‌ನಲ್ಲಿ ವರ್ಷಗಟ್ಟಲೆ ಆಡಿದ ಅದೇ ನಾಗಾತೊಮೊ, ಎರಡನೆಯ ಗೋಲು ಹೊಡೆದರು. 0–2.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಪಂದ್ಯದ ಬಗ್ಗೆ ಮಾತಾಡುವವರೆಲ್ಲ ಇಲ್ಲಿಂದ ನೇರವಾಗಿ 74ನೆಯ ನಿಮಿಷಕ್ಕೆ ಹಾರುತ್ತಾರೆ. ನನ್ನನ್ನು ಕಾಡುವುದು ಮಧ್ಯದ ಇಪ್ಪತ್ತೊಂದು ನಿಮಿಷಗಳು. ಗೆಲ್ಲಲೇಬೇಕಾದ ಪಂದ್ಯದಲ್ಲಿ ಎರಡು ಗೋಲುಗಳ ಹಿನ್ನಡೆ. ನಲವತ್ತಮೂರು ವರ್ಷಗಳ ದಾಖಲೆ ತಮ್ಮ ಕೈಯಲ್ಲೇ ಮುರಿಯುತ್ತಿದೆ ಎಂಬುದು ಮೈದಾನದಲ್ಲಿರುವ ಪ್ರತಿಯೊಬ್ಬನಿಗೂ ಗೊತ್ತು. ಆ ಇಪ್ಪತ್ತೊಂದು ನಿಮಿಷ ಏನೂ ಆಗುವುದಿಲ್ಲ. ಗೋಲಿಲ್ಲ, ದಾಖಲಿಸುವಂಥ ಏನೂ ಇಲ್ಲ. ಆದರೂ ಓಟ ನಿಲ್ಲುವುದಿಲ್ಲ. ಮಿಲ್ಲರ್ ಬದಲಿ ಆಟಗಾರರನ್ನು ಇಳಿಸುತ್ತಾರೆ, ಯಾಝಾವಾ ತಾತ್ಸುಯಾ ಮತ್ತು ಅರಾಯ್ ತಾತ್ಸುನೋರಿ. ಯಾಝಾವಾ ಆ ವರ್ಷವಷ್ಟೇ ಬಂದವರು, ಅದೂ ಅದೇ ಜಿಲ್ಲೆಯ ಕಡುವೈರಿ ಕಾಶಿವಾ ರೇಸೊಲ್ ತಂಡದಿಂದ. ಅರಾಯ್ ಅದಕ್ಕೆ ಒಂದು ವರ್ಷ ಮೊದಲು ತೋಸು ತಂಡದಿಂದ ಬಂದವರು. ಹೊರಟುಹೋದವರು ಖಾಲಿ ಮಾಡಿದ ಜಾಗಕ್ಕೆ ಬಂದು ನಿಂತವರು ಇಂಥವರು.

74ನೆಯ ನಿಮಿಷ, ಅರಾಯ್. 1–2.

77ನೆಯ ನಿಮಿಷ, ಯಾಝಾವಾ. 2–2.

80ನೆಯ ನಿಮಿಷ, ಪೆನಾಲ್ಟಿ. ಚೆಂಡನ್ನು ಇಟ್ಟವರು ಬ್ರೆಜಿಲಿನ ರೇಯ್ನಾಲ್ಡೊ. 3–2.

85ನೆಯ ನಿಮಿಷ, ಮತ್ತೆ ಯಾಝಾವಾ. 4–2.

ಹನ್ನೊಂದು ನಿಮಿಷ, ನಾಲ್ಕು ಗೋಲು. ಇಡೀ ಋತುವಿನ 34 ಪಂದ್ಯಗಳಲ್ಲಿ ಈ ತಂಡ ಹೊಡೆದದ್ದೇ 36 ಗೋಲು, ಅಂದರೆ ಪಂದ್ಯಕ್ಕೆ ಒಂದು ಸಿಕ್ಕರೆ ಪುಣ್ಯ ಎಂಬಂಥ ತಂಡ. ಅದರ ಕಾಲಿಂದ ಹೊಳೆಯೊಂದು ಉಕ್ಕಿಬಂತು. ಆ ದೃಶ್ಯಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಮೂರನೆಯ ಗೋಲಿನ ಹೊತ್ತಿಗೆ ಪ್ರತಿ ಸಲವೂ ಮೈ ನವಿರೇಳುತ್ತದೆ.

ಗೆದ್ದದ್ದಾಯಿತು. ಉಳಿದ ಎರಡು ಊರುಗಳಲ್ಲಿ ಏನಾಯಿತು? ಇವಾತಾ ತನ್ನ ಮನೆಯಂಗಳದಲ್ಲಿ ಒಮಿಯಾ ತಂಡಕ್ಕೆ ಸೋತಿತು. ವೆರ್ದಿ ಕವಾಸಾಕಿ ತಂಡಕ್ಕೆ ಸೋತಿತು. ಇಬ್ಬರೂ 37ರಲ್ಲೇ ನಿಂತರು, ಚಿಬಾ 38ಕ್ಕೆ ಏರಿ 15ನೆಯ ಸ್ಥಾನದಲ್ಲಿ ಉಳಿಯಿತು. ಇವಾತಾ ಮುಂದಿನ ವಾರ ಸೆಂದಾಯ್ ತಂಡದೊಂದಿಗೆ ಎರಡು ಪಂದ್ಯ ಆಡಿ ಕಷ್ಟದಿಂದ ಪಾರಾಯಿತು. ವೆರ್ದಿ ಕೆಳಗೆ ಹೋಯಿತು. ಜೆ-ಲೀಗ್‌ನ ಮೊದಲ ಎರಡು ವರ್ಷಗಳ ಚಾಂಪಿಯನ್, ತೊಂಬತ್ತರ ದಶಕದಲ್ಲಿ ತಾರೆಗಳ ತಂಡ ಎನಿಸಿದ್ದ ವೆರ್ದಿ! ಅದು ಮತ್ತೆ ಮೇಲಿನ ವಿಭಾಗದಲ್ಲಿ ಆಡಿದ್ದು 2024ರಲ್ಲಿ. ಒಂದು ಊರಿನ ಹಬ್ಬದ ಹಿಂದೆ ಇನ್ನೊಂದು ಊರಿನ ಸೂತಕ ಇರುತ್ತದೆ ಎಂಬುದನ್ನು ಈ ಹೋರಾಟದ ಬಗ್ಗೆ ಮಾತಾಡುವಾಗ ನಾನು ಮರೆಯಲಾರೆ. ಚಿಬಾ ಕುಣಿಯುತ್ತಿದ್ದ ಹೊತ್ತಿನಲ್ಲೇ ಟೋಕಿಯೊದ ಇನ್ನೊಂದು ಕ್ರೀಡಾಂಗಣದಲ್ಲಿ ಹಸಿರು ಅಂಗಿ ತೊಟ್ಟ ಜನ ಕುಸಿದು ಕುಳಿತಿದ್ದರು.

ಜಪಾನಿನಲ್ಲಿ ಆ ದಿನಕ್ಕೆ ‘ಫುಕುಆರಿಯ ಪವಾಡ’ ಎಂಬ ಹೆಸರಾಯಿತು. ಇಲ್ಲಿ ನನ್ನದೊಂದು ತಕರಾರಿದೆ. ಪವಾಡ ಎಂದರೆ ಮೇಲಿನಿಂದ ಬಿದ್ದದ್ದು. ಆದರೆ ಆ ಹನ್ನೊಂದು ನಿಮಿಷಗಳಿಗೆ ಅರ್ಥ ಬಂದದ್ದು ಅದಕ್ಕೆ ಮುಂಚಿನ ಪಂದ್ಯಗಳಲ್ಲಿ ಬೆವರು ಸುರಿಸಿ ಕೂಡಿಸಿದ 35 ಅಂಕಗಳಿಂದ. ಜುಲೈಯಲ್ಲೋ ಸೆಪ್ಟೆಂಬರ್‌ನಲ್ಲೋ ಯಾರೂ ನೆನಪಿಡದ ಒಂದು ಡ್ರಾ ಕೈತಪ್ಪಿದ್ದರೆ ಒಟ್ಟು 37 ಆಗುತ್ತಿತ್ತು. ಗೋಲುಗಳ ಅಂತರದಲ್ಲಿ ಚಿಬಾ 17ನೆಯ ಸ್ಥಾನಕ್ಕೆ ಇಳಿಯುತ್ತಿತ್ತು, ನಾಲ್ಕು ಗೋಲುಗಳೂ ನೀರುಪಾಲಾಗುತ್ತಿದ್ದವು. ಪವಾಡ ಎಂದು ಕರೆದ ಕೂಡಲೇ ಆ ಡ್ರಾ ಆಡಿದವರ ಹೆಸರು ಅಳಿಸಿಹೋಗುತ್ತದೆ. ಪವಾಡ ಎಂಬ ಪದದಿಂದ ಇನ್ನೂ ದೊಡ್ಡ ಕೇಡೊಂದಿದೆ: ರೋಗ ವಾಸಿಯಾಯಿತು ಎಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ.

ಮರುವರ್ಷ ಏನಾಯಿತು ಗೊತ್ತೇ? 2009ರಲ್ಲಿ 34 ಪಂದ್ಯಗಳಲ್ಲಿ ಐದೇ ಗೆಲುವು. ಮಿಲ್ಲರ್ ಅವರನ್ನು ಜುಲೈಯಲ್ಲಿ ಬಿಡಿಸಿದರು. ನವೆಂಬರ್‌ನಲ್ಲಿ, ಇನ್ನೂ ಪಂದ್ಯಗಳು ಬಾಕಿ ಇರುವಾಗಲೇ, ಹಿಂಬಡ್ತಿ ಖಚಿತವಾಯಿತು. 27 ಅಂಕ, 18ನೆಯ ಸ್ಥಾನ, ಎಲ್ಲರಿಗಿಂತ ಕೆಳಗೆ. 1965ರಿಂದ ಕಾಪಾಡಿಕೊಂಡು ಬಂದದ್ದು ಅಲ್ಲಿಗೆ ಮುಗಿಯಿತು. ಈ ಸಲ ಕೊನೆಯ ದಿನದ ನಾಟಕವೂ ಇರಲಿಲ್ಲ. 2008ರ ಡಿಸೆಂಬರ್‌ನಲ್ಲಿ ಮುಂದಕ್ಕೆ ಹಾಕಿದ್ದ ಸಾಲವನ್ನು 2009ರಲ್ಲಿ ಬಡ್ಡಿ ಸಮೇತ ತೀರಿಸಿದ ಹಾಗಾಯಿತು.

ಒಂದೆರಡು ವರ್ಷದಲ್ಲಿ ಮೇಲೆ ಬರುತ್ತಾರೆ ಎಂದೇ ಎಲ್ಲರೂ ಎಣಿಸಿದ್ದರು. ಬರಲಿಲ್ಲ. 2012ರ ಬಡ್ತಿ ಪ್ಲೇ-ಆಫ್ ಫೈನಲ್‌ನಲ್ಲಿ ಡ್ರಾ ಮಾಡಿಕೊಂಡರೂ ಚಿಬಾಕ್ಕೆ ಬಡ್ತಿ ಸಿಗುತ್ತಿತ್ತು, ಏಕೆಂದರೆ ಲೀಗ್‌ನಲ್ಲಿ ಅದರ ಸ್ಥಾನ ಮೇಲಿತ್ತು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿರುವಾಗ ಓಯಿತಾ ತಂಡ ಗೋಲು ಹೊಡೆಯಿತು, 0–1. ಎರಡು ವರ್ಷಗಳ ನಂತರ, 2014ರಲ್ಲಿ, ಮತ್ತೆ ಫೈನಲ್, ಮತ್ತೆ ಡ್ರಾ ಸಾಕಾಗಿತ್ತು. ಯಾಮಾಗಾತಾ ತಂಡಕ್ಕೆ ಅದೇ 0–1. ಕೊನೆಯ ಹೊತ್ತಿನಲ್ಲಿ ಉಳಿಯುವುದನ್ನು ಜಗತ್ತಿಗೆ ತೋರಿಸಿದ ತಂಡಕ್ಕೆ ಕೊನೆಯ ಹೊತ್ತಿನಲ್ಲಿ ಏರುವುದು ಒಲಿಯಲೇ ಇಲ್ಲ.

ಈ ವರ್ಷಗಳಲ್ಲಿ ನನಗೆ ಮುಖ್ಯ ಎನಿಸುವ ಮನುಷ್ಯ ಸಾತೋ ಯೂತೊ. ಆ ಚಳಿಗಾಲದಲ್ಲಿ ಹೊರಟುಹೋದ ಐವರಲ್ಲಿ ಒಬ್ಬರು ಎಂದು ಆಗಲೇ ಹೇಳಿದೆನಲ್ಲ. ಕ್ಲಬ್ ಎರಡನೆಯ ವಿಭಾಗಕ್ಕೆ ಬಿದ್ದ ಕೂಡಲೇ, 2010ರಲ್ಲಿ, ಅವರು ಕ್ಯೋಟೊದಿಂದ ಮರಳಿ ಬಂದರು. ಬಂದು ಹತ್ತು ಋತುಗಳ ಕಾಲ ಅಲ್ಲಿಯೇ ಆಡಿದರು. 2012ರ ಸೋಲನ್ನೂ 2014ರ ಸೋಲನ್ನೂ ಕಂಡರು. 2019ರಲ್ಲಿ, ಕ್ಲಬ್ ಇನ್ನೂ ಎರಡನೆಯ ವಿಭಾಗದಲ್ಲಿ ಇರುವಾಗಲೇ, ಜೆಫ್‌ನ ಹಳದಿ ಅಂಗಿಯಲ್ಲೇ ನಿವೃತ್ತರಾದರು. ಅವರ ಅವಳಿ ಸಹೋದರ, ಜೆ-ಲೀಗ್‌ನ ದೊಡ್ಡ ಗೋಲುಗಾರರಲ್ಲಿ ಒಬ್ಬರಾದ ಸಾತೋ ಹಿಸಾತೊ ಕೂಡ ಕೊನೆಯ ದಿನಗಳಲ್ಲಿ ಈ ಕ್ಲಬ್ಬಿಗೆ ಮರಳಿದರು. ‘ಝನ್‌ರ್ಯೂ’ ಎಂಬ ಪದದ ಎರಡೂ ಅರ್ಥಗಳನ್ನು ಒಂದೇ ದೇಹದಲ್ಲಿ ನೋಡಬೇಕೆಂದರೆ ನಾನು ಯೂತೊ ಅವರನ್ನು ತೋರಿಸುತ್ತೇನೆ. ಕ್ಲಬ್ಬನ್ನು ಮೇಲೆ ಉಳಿಸಲು ಅವರಿಂದ ಆಗಲಿಲ್ಲ, ಮೇಲಕ್ಕೆ ಒಯ್ಯಲೂ ಆಗಲಿಲ್ಲ. ಆದರೆ ಮರಳಿ ಬಂದು ಉಳಿದರು.

ಓಸಿಮ್ 2022ರ ಮೇ 1ರಂದು ತೀರಿಕೊಂಡರು. ಆಗಲೂ ಜೆಫ್ ಎರಡನೆಯ ವಿಭಾಗದಲ್ಲೇ ಇತ್ತು.

2025ರ ಡಿಸೆಂಬರ್‌ನಲ್ಲಿ, ಕೆಳಗೆ ಕಳೆದ ಹದಿನಾರನೆಯ ಋತುವಿನ ಕೊನೆಗೆ, ಜೆಫ್ ಮೂರನೆಯ ಸ್ಥಾನ ಪಡೆದು ಮತ್ತೆ ಪ್ಲೇ-ಆಫ್ ಆಡಿತು. ಡಿಸೆಂಬರ್ 7ರಂದು ಅದೇ ಫುಕುಆರಿಯಲ್ಲಿ ಸೆಮಿಫೈನಲ್. ಎದುರಾಳಿ ಒಮಿಯಾ, ಹದಿನೇಳು ವರ್ಷ ಮತ್ತು ಒಂದು ದಿನದ ಹಿಂದೆ ಇವಾತಾವನ್ನು ಸೋಲಿಸಿ ಚಿಬಾಕ್ಕೆ ದಾರಿ ಬಿಟ್ಟುಕೊಟ್ಟದ್ದು ಅದೇ ಒಮಿಯಾ. ಚಿಬಾ ಮೂರು ಗೋಲು ಹಿಂದೆ ಬಿದ್ದಿತು, 0–3. ಪಂದ್ಯ ಮುಗಿದಾಗ ಫಲಕದಲ್ಲಿದ್ದದ್ದು 4–3. ಡಿಸೆಂಬರ್ 13ರಂದು ಅದೇ ಅಂಗಳದಲ್ಲಿ ತೊಕುಶಿಮಾ ವಿರುದ್ಧ ಫೈನಲ್, ಒಂದೇ ಗೋಲು, 1–0, ಜೆಫ್ ಮತ್ತೆ ಮೇಲಿನ ವಿಭಾಗಕ್ಕೆ. 2008ರಲ್ಲಿ ನಾಲ್ಕು ಗೋಲು ಹೊಡೆದವರಲ್ಲಿ ಒಬ್ಬರೂ ಆ ದಿನ ಮೈದಾನದಲ್ಲಿರಲಿಲ್ಲ.